ಸ್ಕಾಟ್ಲೆಂಡಿಗೆ ಹೋದ ದ್ವಾರಕನಾಥ್

ಬೇರೆಯವರ ವೀಸಾ ಅರ್ಜಿಯಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಹಿಡಿದುಬಿಡುತ್ತಿದ್ದ ದ್ವಾರಕನಾಥ್, ತಮ್ಮ ಅರ್ಜಿಯನ್ನು ಪೂರ್ತಿ ತುಂಬಿ, ಮೂರು ಸಲ ಓದಿ, ಕೊನೆಯ ಸಬ್ಮಿಟ್ ಬಟನ್ ಒತ್ತುವುದನ್ನೇ ಮರೆತಿದ್ದರು. ಸಿಂಗಾಪುರದ ಪುಂಗೋಲಿನಲ್ಲಿ ಅವರ ಬ್ಲಾಕಿನ ಕನ್ನಡಿಗರು ಯುರೋಪಿಗೆ ಹೊರಟರೆ ಫಾರಂ ತುಂಬಿಸಿಕೊಳ್ಳಲು ಬರುತ್ತಿದ್ದುದು ಇವರ ಹತ್ತಿರವೇ. ಹೆಂಡತಿ ಶ್ರೀವಿದ್ಯಾಗೆ ವೀಸಾ ಬಂತು, ಮಗಳು ರಿಷಿಕಾಗೂ ಬಂತು. ಇವರಿಗೆ ಬರಲಿಲ್ಲ, ಕೇಳಿದ್ದರೆ ತಾನೇ ಬರುವುದು.

ಇದನ್ನು ಯಾರ ಮುಂದೆಯೂ ಬಾಯಿಬಿಡುವಂತಿರಲಿಲ್ಲ. ಒಂದು ವರ್ಷದಿಂದ ಅವರು ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ತಡೆದು ಸ್ಕಾಟ್ಲೆಂಡಿನ ಕಡಲತೀರದ ಗುಣಗಾನ ಮಾಡಿದ್ದರು. ಬೇಸಿಗೆಯಲ್ಲಿ ಮುಗಿಯದ ಹಗಲು, ಎಲೆ ಉದುರುವ ಕಾಲಕ್ಕೆ ಸೀಲ್ ಮರಿಗಳು, ಚಳಿಗಾಲದಲ್ಲಿ ಕಿಟಕಿಯ ಪಕ್ಕ ಕೂತು ಬಿರುಗಾಳಿ ನೋಡುತ್ತಾ ಬಿಸಿ ಸೂಪು. ಅಲ್ಲಿ ರಜಕ್ಕೆ ಸೀಸನ್ ಅಂತಲೇ ಇಲ್ಲ, ವರ್ಷವಿಡೀ ಹೋಗಬಹುದು ಎಂದು ಕೈಯಾಡಿಸಿ ವಿವರಿಸುವಾಗ ಎಷ್ಟೋ ಜನ ತಮ್ಮ ಮಹಡಿ ಬಂದರೂ ಇಳಿಯಲಾಗದೆ ಮೇಲಕ್ಕೆ ಹೋಗಿಬಿಡುತ್ತಿದ್ದರು. ಅಷ್ಟೆಲ್ಲ ಹೊಗಳಿದವರು ಈಗ ಬಟನ್ ಒತ್ತಲು ಮರೆತೆ ಎಂದರೆ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತಿತ್ತು.

ಹಾಗಾಗಿ ಹೆಂಡತಿ ಮಗಳ ಜೊತೆ ಎಲ್ಲರಿಗೂ ಟಾಟಾ ಮಾಡಿ ಟ್ಯಾಕ್ಸಿ ಹತ್ತಿದರು. ಚಾಂಗಿ ವಿಮಾನ ನಿಲ್ದಾಣದಲ್ಲಿ ಇಬ್ಬರನ್ನೂ, ತಮ್ಮ ಸೂಟ್‌ಕೇಸನ್ನೂ ವಿಮಾನಕ್ಕೆ ಕಳಿಸಿ, ಕಳ್ಳನಂತೆ ವಾಪಸು ಬಂದು ಪರದೆ ಎಳೆದುಕೊಂಡು ಕೂತರು. ಶ್ರೀವಿದ್ಯಾ ಬ್ಲಾಕಿನ ವಾಟ್ಸಾಪ್ ಗ್ರೂಪಿಗೆ ದಿನವೂ ಕಡಲತೀರದ ಫೋಟೊ ಹಾಕಿದಳು. ಒಂದರಲ್ಲೂ ಗಂಡ ಇರಲಿಲ್ಲ. ಯಾರಿಗೂ ಅನುಮಾನ ಬರಲಿಲ್ಲ, ಏಕೆಂದರೆ ಫೋಟೊದಲ್ಲಿ ಕಾಣದ ಗಂಡ ಫೋಟೊ ತೆಗೆಯುತ್ತಿರುತ್ತಾನೆ ಎಂಬುದು ಲೋಕಕ್ಕೇ ಗೊತ್ತು.

ಐದನೆಯ ದಿನ ಬೆಳಗ್ಗೆ ಮೇಲಿನ ಮಹಡಿಯ ಭಾನುಮತಿ ಆಂಟಿ, ಉಡುಪಿ ಕಡೆಯವರು, ಒಂದರಲ್ಲಾದರೂ ದ್ವಾರಕನಾಥರ ಮುಖ ತೋರಿಸಿ ಎಂದು ಗ್ರೂಪಿನಲ್ಲಿ ಬರೆದರು. ಅದಕ್ಕೆ ಹತ್ತು ಜನ ಹೆಬ್ಬೆರಳು ಎತ್ತಿದರು. ದ್ವಾರಕನಾಥ್ ಬೆವರಿ, ತಮ್ಮ ಹಳೆಯ ಫೋಟೊ ಒಂದನ್ನು ಅಲ್ಲಿಯ ಕಡಲಿಗೆ ಅಂಟಿಸಿ ಗ್ರೂಪಿಗೆ ಹಾಕು ಎಂದು ಮಗಳಿಗೆ ಮೆಸೇಜ್ ಕಳಿಸಿದರು. ಅಲ್ಲಿನ್ನೂ ನಡುರಾತ್ರಿ. ಮೆಸೇಜ್ ತಲುಪಲಿಲ್ಲ. ಶ್ರೀವಿದ್ಯಾ ಕೂಡ ನಿನ್ನೆಯಿಂದ ಫೋನ್ ಮಾಡಿರಲಿಲ್ಲ.

ಅಷ್ಟರಲ್ಲಿ ಬೀಗದಲ್ಲಿ ಕೀಲಿ ತಿರುಗಿತು. ತುಳಸಿಗೆ ನೀರು ಹಾಕಲು ಆಂಟಿಗೆ ಕೀಲಿ ಕೊಟ್ಟಿದ್ದವರು ಇವರೇ. ಓಡಿಹೋಗಿ ಬಾಂಬ್ ಶೆಲ್ಟರ್ ಸೇರಿಕೊಂಡರು. ಸಿಂಗಾಪುರದ ಹೊಸ ಫ್ಲ್ಯಾಟುಗಳಲ್ಲಿ ಕಬ್ಬಿಣದ ಬಾಗಿಲಿನ ಈ ಕೋಣೆ ಯುದ್ಧಕ್ಕೆಂದು ಕಟ್ಟಿದ್ದು. ಜನ ಅದರಲ್ಲಿ ಅಕ್ಕಿ ಮೂಟೆ, ಹಳೆಯ ಫ್ಯಾನು ಇಡುತ್ತಾರೆ. ಫ್ಯಾನಿನ ಧೂಳು ಮೂಗಿಗೆ ಹೋಗಿ ಎರಡು ಸಲ ಸೀನಿದರು. ಹೊರಗೆ ನೀರು ಸುರಿಯುವ ಸದ್ದು ಥಟ್ಟನೆ ನಿಂತಿತು. ಮೇಜಿನ ಮೇಲೆ ಅರ್ಧ ಕುಡಿದ ಕಾಫಿ ಇನ್ನೂ ಹಬೆಯಾಡುತ್ತಿತ್ತು. ಆಂಟಿ ಸದ್ದಿಲ್ಲದೆ ಬಾಗಿಲು ಹಾಕಿಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಬಾಗಿಲ ಕಿಂಡಿಯಿಂದ ನೋಡಿದರೆ ಭಾನುಮತಿ ಆಂಟಿಯೂ ಪಕ್ಕದ ಮನೆಯ ಟಾನ್ ಆಂಟಿಯೂ ಪಿಸುಗುಟ್ಟುತ್ತಿದ್ದರು. ಟಾನ್ ಆಂಟಿಗೆ ಇದು ಚೀನೀ ಪಂಚಾಂಗದಲ್ಲಿ ಹಸಿದ ಪ್ರೇತಗಳು ಓಡಾಡುವ ಏಳನೆಯ ತಿಂಗಳು. ಭಾನುಮತಿ ಆಂಟಿಗೆ ಇದು ಆಟಿ, ಸತ್ತವರಿಗೆ ಎಲೆ ಹಾಕಿ ಬಡಿಸುವ ತಿಂಗಳು. ಖಾಲಿ ಮನೆ ಕಂಡು ಯಾರೋ ಬಂದು ಸೇರಿಕೊಂಡಿದ್ದಾರೆ, ಬಡಿಸಿ ಕಳಿಸಬೇಕು ಎಂಬಲ್ಲಿ ಎರಡು ದೇಶಗಳಿಗೂ ಒಪ್ಪಂದವಾಯಿತು.

ಟಾನ್ ಆಂಟಿ ಬಾಗಿಲ ಮುಂದೆ ಊದುಕಡ್ಡಿ ಹಚ್ಚಿ ಕಿತ್ತಳೆ, ಬನ್ನು ಇಟ್ಟುಹೋದರು. ಮನೆಯಲ್ಲಿದ್ದ ಕೊನೆಯ ನೂಡಲ್ಸ್ ಹಿಂದಿನ ದಿನವೇ ಖರ್ಚಾಗಿತ್ತು. ಆರ್ಡರ್ ಮಾಡಿದರೆ ಬೀಗ ಹಾಕಿದ ಮನೆಗೆ ಊಟ ಬಂತೆಂದು ಸುದ್ದಿಯಾಗುತ್ತದೆ. ಕಾರಿಡಾರ್ ಖಾಲಿಯಾದ ಮೇಲೆ ದ್ವಾರಕನಾಥ್ ಗ್ರಿಲ್ ಸಂದಿಯಿಂದ ಕೈ ಚಾಚಿ ಒಂದೊಂದೇ ಒಳಗೆಳೆದುಕೊಂಡರು. ಖಾಲಿ ತಟ್ಟೆ ನೋಡಿದ ಟಾನ್ ಆಂಟಿ ತಮ್ಮ ಮನೆಯೊಳಗೆ ಹೋಗಿ ಎರಡು ಚಿಲಕ ಹಾಕಿಕೊಂಡರು. ಭಾನುಮತಿ ಆಂಟಿ ಬಾಳೆಎಲೆಯಲ್ಲಿ ಅನ್ನ, ಸಾರು, ಪತ್ರೊಡೆ ತಂದಿಟ್ಟರು. ಅದೂ ಖಾಲಿಯಾಯಿತು. ಪತ್ರೊಡೆ ಬಹಳ ಚೆನ್ನಾಗಿತ್ತು.

ತಿಂದಾದ ಮೇಲೆ ಮಾತ್ರ ದ್ವಾರಕನಾಥರಿಗೆ ಏನೋ ಕಸಿವಿಸಿಯಾಯಿತು. ಐದು ದಿನದಲ್ಲಿ ಸದ್ದಿಲ್ಲದೆ ನಡೆಯುವುದು ರೂಢಿಯಾಗಿಬಿಟ್ಟಿತ್ತು. ಸುಮ್ಮನೆ ತಮ್ಮ ಹೆಸರನ್ನು ತಾವೇ ಹೇಳಿಕೊಂಡು ನೋಡಿದರು. ಗಂಟಲಿನಿಂದ ಬಂದದ್ದು ಬೇರೆ ಯಾರದೋ ದನಿಯಂತಿತ್ತು, ಅವರಿಗೆ ನಿಜವಾಗಿಯೂ ಭಯವಾಯಿತು.

ಮೂರು ಗಂಟೆಗೆ ಗ್ರೂಪಿಗೆ ಫೋಟೊ ಬಂತು. ಬೂದು ಕಡಲು, ಶ್ರೀವಿದ್ಯಾ, ರಿಷಿಕಾ, ನಡುವೆ ದ್ವಾರಕನಾಥ್. ಸೂಟ್‌ಕೇಸಿಗೆ ಹಾಕಿದ್ದ ಹೊಸ ನೀಲಿ ಸ್ವೆಟರ್ ತೊಟ್ಟಿದ್ದರು. ಪ್ಯಾಂಟು ಮೊಣಕಾಲವರೆಗೆ ಒದ್ದೆ. ಕೆಳಗೆ ಶ್ರೀವಿದ್ಯಾ, ವರ್ಷವಿಡೀ ಇಲ್ಲೇ ಇದ್ದುಬಿಡೋಣ ಅಂತಾರೆ ಇವರು ಎಂದು ಬರೆದಿದ್ದಳು. ಮಗಳ ಕೈಚಳಕಕ್ಕೆ ಇವರು ಹಿಗ್ಗಿದರು. ಶಭಾಷ್ ಎಂದು ಬರೆಯಲು ಹೋದಾಗ ಕಂಡದ್ದು, ಬೆಳಗ್ಗೆ ಕಳಿಸಿದ ಮೆಸೇಜ್ ಅವಳಿಗೆ ಇನ್ನೂ ತಲುಪಿಯೇ ಇರಲಿಲ್ಲ. ಆ ಸ್ವೆಟರನ್ನು ಅವರು ಇದುವರೆಗೆ ಒಮ್ಮೆಯೂ ಹಾಕಿಕೊಂಡಿರಲಿಲ್ಲ.

ಹೊರಗೆ ಗಂಟೆಯ ಸದ್ದಾಯಿತು. ಆಂಟಿಯರಿಬ್ಬರೂ ಸಾಂಬ್ರಾಣಿ ಹೊಗೆಯೊಂದಿಗೆ ಬಂದಿದ್ದರು. ಇನ್ನು ಬ್ಲಾಕಿನವರೆಲ್ಲ ಸೇರುವ ಮೊದಲೇ ಒಪ್ಪಿಕೊಳ್ಳುವುದು ವಾಸಿ ಎಂದು ದ್ವಾರಕನಾಥ್ ಬಾಗಿಲು ತೆಗೆದರು. ಟಾನ್ ಆಂಟಿ ಗೋಡೆಗೆ ಅಂಟಿಕೊಂಡರು. ಭಾನುಮತಿ ಆಂಟಿ ಮಾತ್ರ ಗ್ರಿಲ್ಲಿನ ಆಚೆ ಅಲುಗಾಡದೆ ನಿಂತರು.

“ಬಡಿಸಿದ್ದೇವಲ್ಲಪ್ಪ, ಇನ್ನು ಹೊರಡು,” ಎಂದರು. “ಪಾಪದ ಮನುಷ್ಯರ ರೂಪ ತಗೊಳ್ಬೇಡ.”

“ಆಂಟಿ, ನಾನೇ. ನಾನು ಹೋಗ್ಲೇ ಇಲ್ಲ. ನನ್ನ ವೀಸಾ ಫಾರಂ ಸಬ್ಮಿಟ್ ಮಾಡೋದೇ ಮರ್ತುಬಿಟ್ಟೆ.”

ಒಂದು ವರ್ಷ ಕಾಪಾಡಿಕೊಂಡು ಬಂದ ಮಾನ ಆ ಮಾತಿನಲ್ಲಿ ಹೋಯಿತು. ಆದರೆ ಆಂಟಿ ತಲೆಯಾಡಿಸಿದರು.

“ದ್ವಾರಕನಾಥರು ಅಂಥ ತಪ್ಪು ಮಾಡುವ ಜನ ಅಲ್ಲ,” ಎಂದು ಗ್ರೂಪಿಗೆ ಬಂದ ಫೋಟೊ ತೋರಿಸಿದರು. “ಅವರು ಇಲ್ಲಿದ್ದಾರೆ, ನೋಡು.”

ಇನ್ನು ಸಾಕ್ಷಿ ಹೇಳಬಲ್ಲವಳು ಶ್ರೀವಿದ್ಯಾ ಒಬ್ಬಳೇ. ಅವಳಿಗೆ ಫೋನ್ ಹಚ್ಚಿ, ಆಂಟಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

“ಶ್ರೀ, ನಾನು ಅಲ್ಲಿಗೆ ಬಂದಿಲ್ಲ ಅಂತ ಆಂಟಿಗೆ ಒಂದ್ ಮಾತು ಹೇಳು.”

ಆ ಕಡೆ ಅಲೆಗಳ ಸದ್ದು.

“ಯಾರ್ರೀ ನೀವು?” ಎಂದಳು ಶ್ರೀವಿದ್ಯಾ. “ನಮ್ಮೆಜಮಾನ್ರು ವೀಸಾ ಸಿಕ್ತು ಅಂತ ನಿನ್ನೆ ಸಾಯಂಕಾಲನೇ ಬಂದು ಸೇರ್ಕೊಂಡ್ರು. ಫೋನ್ ಮನೇಲೇ ಮರ್ತು ಬಂದಿದ್ದಾರೆ. ಅದು ನಿಮ್ಮ ಕೈಗೆ ಹೇಗೆ ಬಂತು?”

 ಹಿಂದುಗಡೆ ರಿಷಿಕಾ ಬಿದ್ದುಬಿದ್ದು ನಗುತ್ತಿದ್ದಳು. ಅಪ್ಪನ ಜೊತೆ ಅವಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

“ರೀ, ಇಲ್ಲಿ ಯಾರೋ ಥೇಟ್ ನಿಮ್ಮ ಥರಾನೇ ಮಾತಾಡ್ತಿದ್ದಾರೆ,” ಎಂದು ಶ್ರೀವಿದ್ಯಾ ಯಾರಿಗೋ ಹೇಳಿದಳು.

ಅಲೆಗಳ ನಡುವಿನಿಂದ ದ್ವಾರಕನಾಥರದೇ ದನಿ ಕೇಳಿತು. ಇವರು ಹೆಂಡತಿಯೊಡನೆ ಎಂದೂ ಆಡದಷ್ಟು ನಿಧಾನವಾಗಿ, ಮೆತ್ತಗೆ.

“ಇಟ್ಬಿಡು ಶ್ರೀ. ನಿನ್ನ ಟೀ ಆರೋಗ್ತಾ ಇದೆ.”