ನಮ್ಮವರಿಲ್ಲದ ದ್ವೀಪ

ಈ ಭೂಮಿಯ ಮೇಲೆ ನಮ್ಮ ಕಾಕಾರಿಗೆ ಪರಿಚಯದವರಿಲ್ಲದ ಜಾಗವೊಂದಿದೆ ಎಂದು ಯಾರಾದರೂ ತೋರಿಸಿಕೊಟ್ಟರೆ ನಾನು ಅರ್ಧ ಮೀಸೆ ಬೋಳಿಸಿಕೊಳ್ಳಲು ತಯಾರು. ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಸ್ವತಃ ಕಾಕಾ ಅಂಥದೊಂದು ಜಾಗ ಹುಡುಕಲು ಹೊರಟು, ತಿಂಗಳುಗಟ್ಟಲೆ ಒದ್ದಾಡಿ, ಸೋತದ್ದನ್ನು ಕಣ್ಣಾರೆ ಕಂಡವನು ನಾನು. ಮೀಸೆ ಹಾಗೇ ಇದೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದವರು, ಕಟ್ಟಡಗಳಿಗೆ ಎ.ಸಿ. ಕೂರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್. ಕಾಲು ಶತಮಾನದಿಂದ ದುಬೈನಲ್ಲಿದ್ದಾರೆ. ಅಲ್ ಕುಸೈಸ್‌ನಲ್ಲಿ ಎರಡು ಬೆಡ್‌ರೂಮಿನ ಮನೆ. ಮನೆ ಎಂದು ನಾನು ಮರ್ಯಾದೆಗೆ ಹೇಳುತ್ತಿದ್ದೇನೆ. ಧರ್ಮಛತ್ರಕ್ಕಾದರೂ ರಾತ್ರಿ ಬಾಗಿಲು ಹಾಕುವ ಹೊತ್ತು ಅಂತ ಒಂದಿರುತ್ತದೆ!

ಮೆಟ್ರೋದಲ್ಲಿ ಯಾರಾದರೂ ಫೋನಿನಲ್ಲಿ "ಹೂನ್ರಿ" ಅಂದರೆ ಸಾಕು, ಕಾಕಾರ ಕಿವಿ ನೆಟ್ಟಗಾಗುತ್ತದೆ. ತಮ್ಮ ಸ್ಟೇಷನ್ ಬಂದರೂ ಇಳಿಯುವುದಿಲ್ಲ. ಆ ಮನುಷ್ಯ ಎಲ್ಲಿ ಇಳಿಯುತ್ತಾನೋ ಅಲ್ಲಿ ಇವರೂ ಇಳಿದು, "ಯಾವ ಊರ್ರಿ ನಿಮ್ಮದು?" ಎಂದು ಶುರು ಮಾಡುತ್ತಾರೆ. ರಾತ್ರಿ ಊಟಕ್ಕೆ ಆತ ಕಾಕುವಿನ ಎದುರು ತಟ್ಟೆ ಹಿಡಿದು ಸಂಕೋಚದಿಂದ ಕೂತಿರುತ್ತಾನೆ. ಕಾಕು ಎಂದರೆ ಕಾಕಾರ ಹೆಂಡತಿ. ರೊಟ್ಟಿ ಬಡಿದು ಬಡಿದು ಆಕೆಯ ಅಂಗೈಯೇ ರೊಟ್ಟಿಯಷ್ಟು ಅಗಲವಾಗಿದೆ ಎಂದು ನಾವೆಲ್ಲ ಚೇಷ್ಟೆ ಮಾಡುತ್ತೇವೆ.

ಒಮ್ಮೆ ಇಬ್ಬರೂ ಬರ್ ದುಬೈಗೆ ಹೋಗಿ, ಗುಡಿಯ ಓಣಿಯಲ್ಲಿ ಹೂವು ಕೊಂಡು, ಸೀರೆ ಕೊಂಡು, ಊರ ನಡುವೆ ಹರಿಯುವ ಹಿನ್ನೀರಿನ ಆಚೆ ದಡಕ್ಕೆಂದು ಅಬ್ರಾ ದೋಣಿ ಹತ್ತಿದರಂತೆ. ಒಂದು ಎಲೆಯಡಿಕೆ ಜಗಿದು ಮುಗಿಯುವಷ್ಟು ಹೊತ್ತಿನ ಪ್ರಯಾಣ. ಅಷ್ಟರಲ್ಲಿ ಕಾಕಾ ಎದುರಿಗೆ ಕೂತವನ ಅತ್ತೆಮನೆ ನವಲಗುಂದವೆಂದು ಪತ್ತೆಹಚ್ಚಿ, ಆ ಮನೆಗೂ ನಮ್ಮ ಮನೆಗೂ ಇರುವ ಸಂಬಂಧದ ಎಳೆ ಹಿಡಿದು, ದಡ ಮುಟ್ಟುವುದರೊಳಗೆ ಅವನನ್ನು ಅಳಿಯನನ್ನಾಗಿ ಮಾಡಿಕೊಂಡಿದ್ದರು. ಅಳಿಯನ ಹೆಗಲ ಮೇಲೆ ಕೈ ಹಾಕಿಕೊಂಡು ಇಳಿದು, ಚಹದ ಅಂಗಡಿ ಮುಟ್ಟಿದ ಮೇಲೆ ಏನೋ ಮರೆತಂತೆನಿಸಿ ತಿರುಗಿ ನೋಡಿದರೆ, ಕಾಕು ಚೀಲಗಳ ಸಮೇತ ಅದೇ ದೋಣಿಯಲ್ಲಿ ಮರಳಿ ಮೊದಲಿನ ದಡಕ್ಕೆ ಹೋಗುತ್ತಿದ್ದರು. ಕರೆಯಬಹುದಿತ್ತಲ್ಲ ಎಂದು ನಾನು ಕಾಕುವನ್ನು ಕೇಳಿದೆ. "ಅಷ್ಟೊತ್ತರೆ ಒಬ್ಬಾಕಿನೇ ಕೂಡ್ತೀನಿ ಅಂತ ಸುಮ್ಮನಾದೆ" ಅಂದರು.

ಇನ್ನು ಹಾಲ್‌ನಲ್ಲಿರುವ ಸೋಫಾ. ವಿಸಿಟ್ ವೀಸಾದ ಮೇಲೆ ಕೆಲಸ ಹುಡುಕಲು ಬಂದ ಉತ್ತರ ಕರ್ನಾಟಕದ ಅದೆಷ್ಟು ಹುಡುಗರು ಅದರ ಮೇಲೆ ಮಲಗಿ ಎದ್ದಿದ್ದಾರೋ! ನಾನೂ ಅದರ ಮೇಲೆ ಮಲಗಿದವನೇ. ಕೆಲಸ ಸಿಕ್ಕಿ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿಗೆ ಮನೆ ಬದಲಿಸಿದರೂ ಶನಿವಾರ ಬಂತೆಂದರೆ ಬಸ್ಸು ಹಿಡಿದು ಊಟಕ್ಕೆ ಇಲ್ಲಿಗೇ ಬರುತ್ತೇನೆ.

ಅಂಥದೊಂದು ಶನಿವಾರವೇ ಆ ಮಾತು ಬಂದದ್ದು. ಕಾಕಾರ ಮಗಳು ಓದಲು ಮಣಿಪಾಲಕ್ಕೆ ಹೋಗಿ ಕೆಲವು ತಿಂಗಳಾಗಿತ್ತು. ಆವತ್ತಿನ ಪಂಕ್ತಿಯೆಲ್ಲ ಎದ್ದು ಹೋದ ಮೇಲೆ ಕಾಕು ತಣ್ಣಗಾದ ಅನ್ನದ ಮುಂದೆ ಕೂತು ಹೇಳಿದರು.

"ನಂಗೊಂದು ವಾರ ಬೇಕ್ರಿ. ಯಾರೂ ನಂಗ ಕಾಕೂ ಅನಬಾರದು. ನಾ ಸುಮ್ಮನ ಕೂತಿರಬೇಕು, ಚಹಾ ಬ್ಯಾರೆಯವರು ತಂದು ಕೊಡಬೇಕು. ನಮ್ಮವರು ಒಬ್ಬರೂ ಇರಬಾರದು. ಅಂಥಾ ಊರಿಗೆ ಕರಕೊಂಡು ಹೋಗ್ರಿ."

ಲಗ್ನವಾದಂದಿನಿಂದ ಕಾಕು ಏನನ್ನಾದರೂ ಬೇಕೆಂದು ಕೇಳಿದ್ದು ನಾನಂತೂ ಕೇಳಿಲ್ಲ. ವರ್ಷದ ರಜೆಯೆಲ್ಲ ಊರಿನ ಮುಂಜಿವೆ, ಗೃಹಪ್ರವೇಶ, ಯಾರದೋ ಕಣ್ಣಿನ ಆಪರೇಷನ್ನುಗಳಲ್ಲೇ ಮುಗಿದು ಹೋಗುತ್ತಿತ್ತು. ಕಾಕಾ ಒಂದು ಕ್ಷಣ ಹೆಂಡತಿಯ ಮುಖ ನೋಡಿದರು.

"ಇಷ್ಟೇ ಹೌದಿಲ್ಲೊ? ಮಾಡೂಣು" ಅಂದರು.

ಮರುದಿನದಿಂದಲೇ ಜಗತ್ತಿನ ನಕ್ಷೆ ಗೋಡೆಗೇರಿತು. ಲಂಡನ್ ಮೊದಲ ಏಟಿಗೇ ಹೊರಗೆ, ಅಲ್ಲಿ ಕನ್ನಡ ಸಂಘವಿದೆ. ಸಿಂಗಪುರವೂ ಹೊರಗೆ. ಸ್ವಿಟ್ಜರ್ಲೆಂಡಿನಲ್ಲಿ ಬೆಳಗಾವಿಯ ಟೂರಿನವರು ಹಿಮದ ಮೇಲೆ ಚಾಪೆ ಹಾಸಿ ಚಪಾತಿ ತಿನ್ನುತ್ತಿರುತ್ತಾರೆ. ಜಾರ್ಜಿಯಾ, ಬಾಕು? ಈದ್ ರಜೆಯಲ್ಲಿ ಇಡೀ ಅಲ್ ಕುಸೈಸ್ ಅಲ್ಲೇ ಇರುತ್ತದೆ, ಎದುರು ಫ್ಲಾಟಿನವರನ್ನು ನೋಡಲು ಬಾಕುವಿಗೆ ಹೋಗಬೇಕೇ? ಹೀಗೆ ದೇಶಗಳನ್ನು ಒಂದೊಂದಾಗಿ ಹೊಡೆದು ಹಾಕುತ್ತ ಕಾಕಾರ ಬೆರಳು ಅಟ್ಲಾಂಟಿಕ್ ದಾಟಿ, ಕೆರಿಬಿಯನ್ ಸಮುದ್ರದಲ್ಲಿ ಸಾಸಿವೆ ಚೆಲ್ಲಿದಂತಿದ್ದ ದ್ವೀಪಗಳಲ್ಲಿ ಒಂದರ ಮೇಲೆ ನಿಂತಿತು.

"ಇಲ್ಲಿ ಯಾರಿರ್ತಾರೋ ಹುಚ್ಚಾ?" ಎಂದು ನನ್ನನ್ನು ಕೇಳಿದರು. ಯಾರೂ ಇರಲಾರರು ಎಂದು ನನಗೂ ಅನಿಸಿತು.

ನನ್ನ ಮನೆಯ ಕೆಳಗೇ ಒಂದು ಟ್ರಾವೆಲ್ ಏಜೆನ್ಸಿಯಿದೆ. ಮಂಗಳೂರಿನ ಕಡೆಯ ಹೆಣ್ಣುಮಗಳೊಬ್ಬಳು ಅಲ್ಲಿ ಕೂತಿರುತ್ತಾಳೆ. ಅವಳು ಕಡಲು ಕಾಣುವ ಕೋಣೆ, ತಿಂಡಿ ಊಟವೆಲ್ಲ ಸೇರಿದ ಪ್ಯಾಕೇಜು, ನಡುವೆ ಬೇಕಾಗುವ ಟ್ರಾನ್ಸಿಟ್ ವೀಸಾ ಎಲ್ಲವನ್ನೂ ವಿವರಿಸಿದಳು. ಕಾಕಾ ಗಂಭೀರವಾಗಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ನೋಡವ್ವಾ, ಆ ದ್ವೀಪದಾಗ ನಮ್ಮ ಕಡೆಯವರು ಯಾರೂ ಇಲ್ಲ ಅಂತ ನೀ ಖಾತ್ರಿ ಕೊಡ್ತಿ?"

ಅವಳು ಪೆನ್ನು ಕೆಳಗಿಟ್ಟಳು. "ಎಂತ ಮಾರಾಯ್ರೆ, ಎಲ್ಲರೂ ಇಂಡಿಯನ್ ಊಟ ಉಂಟಾ ಅಂತ ಕೇಳ್ತಾರೆ. ನೀವು ಇಂಡಿಯನ್ಸ್ ಇಲ್ವಾ ಅಂತ ಕೇಳುದಾ? ಕಡಲಿಗೆ ನಾನು ಗ್ಯಾರಂಟಿ. ಜನರಿಗೆ ಇಲ್ಲ."

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕಾಕಾ ಇಂಜಿನಿಯರ್. ಪರೀಕ್ಷೆ ಮಾಡದೆ ಯಾವ ಕೆಲಸವನ್ನೂ ಒಪ್ಪಿಕೊಳ್ಳುವವರಲ್ಲ. ದ್ವೀಪದಲ್ಲಿ ಕನ್ನಡಿಗರಿಲ್ಲವೆಂದು ಖಚಿತ ಮಾಡಿಕೊಳ್ಳಲು ಅವರು ಏನು ಮಾಡಿದರು ಗೊತ್ತೇ? ತಾವಿರುವ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ, ಎಂದರೆ ಧಾರವಾಡದ ಬಾಲ್ಯಮಿತ್ರರಿಂದ ಹಿಡಿದು ದುಬೈನ ಯೋಗ ಬಳಗದವರೆಗೆ, "ಈ ದ್ವೀಪದಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ? ದಯವಿಟ್ಟು ತಿಳಿಸಿ" ಎಂದು ಸಂದೇಶ ಕಳಿಸಿದರು!

ಸಂಜೆಯ ದೀಪ ಹಚ್ಚುವುದರೊಳಗೆ ಉತ್ತರ ಬಂತು. ಗದಗಿನ ಡಾಕ್ಟರೊಬ್ಬರು ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾರಂತೆ.

"ಹೋಯ್ತಲ್ಲೋ ದ್ವೀಪ" ಎಂದು ಕಾಕಾ ಹಣೆ ಬಡಿದುಕೊಂಡರು. ಬಡಿದುಕೊಳ್ಳುವಾಗಲೂ ಮುಖದ ತುಂಬ ನಗು. ಮರುನಿಮಿಷವೇ ಆ ಡಾಕ್ಟರಿಗೆ ಫೋನು. ಕೇಳಿದರೆ, "ಯಾವ ಬದಿಗೆ ಇರ್ತಾರ ಅಂತ ಗೊತ್ತಾದ್ರ ಆ ಬದಿಗೆ ಹೋಗೂದು ತಪ್ಪಿಸಬಹುದು" ಎಂಬ ಸಮಜಾಯಿಷಿ. ಅರ್ಧ ಗಂಟೆ ಮಾತಾಡಿ, ಡಾಕ್ಟರ ಸೋದರಮಾವ ತಮಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರೆಂದು ಕಂಡುಹಿಡಿದು, ಕಣ್ಣು ಒರೆಸಿಕೊಂಡು ಫೋನಿಟ್ಟರು.

ಎರಡನೆಯ ದ್ವೀಪ ಆರಿಸಿದರು. ಅಲ್ಲಿ ವಿಜಯಪುರದ ವಿದ್ಯುತ್ ಕಂತ್ರಾಟುದಾರ ಸಿಕ್ಕ. ಮೂರನೆಯದು ಎಷ್ಟು ಚಿಕ್ಕದೆಂದರೆ ವಿಮಾನ ಒಂದಿಷ್ಟು ತಡವಾಗಿ ಬ್ರೇಕ್ ಹಾಕಿದರೂ ನೀರಿಗೇ ಬೀಳಬೇಕು. ಅಲ್ಲಿ ಬಾಗಲಕೋಟೆಯ ಹೆಣ್ಣುಮಗಳೊಬ್ಬಳು ಹೋಟೆಲಿನ ಲೆಕ್ಕಪತ್ರ ನೋಡಿಕೊಂಡಿದ್ದಳು. ಈ ಜನ ಪಾಪ, ಅಕ್ಕಪಕ್ಕದ ದ್ವೀಪಗಳಲ್ಲಿ ವರ್ಷಗಟ್ಟಲೆ ಇದ್ದರೂ ಒಬ್ಬರಿಗೊಬ್ಬರು ಪರಿಚಯವಿರಲಿಲ್ಲ. ಕಾಕಾರಿಗೆ ಅದನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ ಸಾಧ್ಯ? ಅವರನ್ನೆಲ್ಲ ಸೇರಿಸಿ ಒಂದು ಗುಂಪು ಮಾಡಿ, ತಾವೇ ಅಡ್ಮಿನ್ ಆದರು. ಹೀಗೆ ಕೆರಿಬಿಯನ್ ಕನ್ನಡ ಬಳಗವು ಕನ್ನಡಿಗರಿಂದ ತಪ್ಪಿಸಿಕೊಳ್ಳಲು ಹೊರಟ ಅಲ್ ಕುಸೈಸ್‌ನ ಒಬ್ಬ ಮನುಷ್ಯನಿಂದ ಸ್ಥಾಪನೆಯಾಯಿತು. ಸುದ್ದಿ ತಿಳಿದ ಮಗಳು ಮಣಿಪಾಲದಿಂದ ಫೋನು ಮಾಡಿ, "ಅಪ್ಪಾ, ಪ್ಲೀಸ್, ಡೋಂಟ್ ಅಡಾಪ್ಟ್ ಎನಿಬಡಿ ದೇರ್" ಅಂದಳು.

ಕಾಕುವಿಗೆ ಇದ್ಯಾವುದೂ ಗೊತ್ತಿಲ್ಲ. ಎಲ್ಲಿ ಹೋದರೂ ಒಬ್ಬರಾದರೂ ಇದ್ದೇ ಇರುತ್ತಾರೆಂದು ಕಾಕಾ ಕೊನೆಗೆ ಮೊದಲಿನ ದ್ವೀಪವನ್ನೇ ಗಟ್ಟಿ ಮಾಡಿ, ಟಿಕೆಟ್ಟು ತಂದು ಆಕೆಯ ಕೈಗಿಟ್ಟಿದ್ದರು. ಕಾಕು ಬರ್ ದುಬೈಗೆ ಒಬ್ಬರೇ ಹೋಗಿ ಅಗಲವಾದ ಹುಲ್ಲಿನ ಟೊಪ್ಪಿಗೆ ಕೊಂಡು ತಂದರು. ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುವಾಗಲೂ ಅದನ್ನು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು. ಅಷ್ಟು ಖುಷಿಯಾಗಿ ಆಕೆಯನ್ನು ನಾನು ಎಂದೂ ನೋಡಿರಲಿಲ್ಲ. ಆದರೆ ಸೂಟ್‌ಕೇಸಿನ ತಳದಲ್ಲಿ ಕಾಕಾ ಬಚ್ಚಿಟ್ಟದ್ದು ನನಗೆ ಗೊತ್ತಿತ್ತು: ಜೋಳದ ಹಿಟ್ಟು, ಶೇಂಗಾ ಚಟ್ನಿ, ಕರದಂಟು. "ಪಾಪ, ಎಷ್ಟು ವರ್ಷ ಆತೋ ತಿಂದು" ಎಂಬುದು ಅವರ ಸಮರ್ಥನೆ. ಕರದಂಟಾದರೆ ಸರಿ. ಹಿಟ್ಟು ಹಾಗೇ ತಿನ್ನಲು ಬರುತ್ತದೆಯೇ? ಅದನ್ನು ಬಡಿಯುವ ಕೈ ಯಾರದು?

ಹೊರಡುವ ಹಿಂದಿನ ಶನಿವಾರ ಸಂಜೆ ನಾನು ಅಲ್ಲೇ ಇದ್ದೆ. ಕಾಕಾ ಸೂಟ್‌ಕೇಸು ತೂಗುತ್ತಿದ್ದರು. ಅವರ ಫೋನು ಬಡಿದುಕೊಂಡಿತು. ಕಾಕು ಎತ್ತಿದರು, ವಿಡಿಯೋ ಕಾಲ್. ತೆರೆಯ ಮೇಲೆ ಗದಗಿನ ಡಾಕ್ಟರ ಹೆಂಡತಿ, ಹಿಂದೆ ತೆಂಗಿನ ಮರ, ನೀಲಿ ಸಮುದ್ರ.

"ಕಾಕೂ, ನಮಸ್ಕಾರ್ರಿ. ನೀವು ಬಂದು ಇಳಿದ ಮರುದಿನನೇ ನಮ್ಮ ಮನ್ಯಾಗ ಎಲ್ಲಾರೂ ಕೂಡ್ತೀವಿ. ಬಾಜೂ ದ್ವೀಪದಿಂದನೂ ಬರ್ತಾರ. ಹಂಚು ನಮ್ಮಲ್ಲೇ ಅದ, ನೀವು ಚಿಂತಿ ಮಾಡಬ್ಯಾಡ್ರಿ. ನಿಮ್ಮ ಕೈಯ ರೊಟ್ಟಿ ಸಿಕ್ರ ಸಾಕು."

ಕಾಕು ಆ ಹೆಣ್ಣುಮಗಳಿಗೆ ನಗುನಗುತ್ತಲೇ ಹೂಂ ಅಂದು ಫೋನಿಟ್ಟರು. ಸೂಟ್‌ಕೇಸಿನ ಬಟ್ಟೆ ಸರಿಸಿ ಹಿಟ್ಟಿನ ಚೀಲಗಳನ್ನು ನೋಡಿದರು. ಕೂಗಾಡಲಿಲ್ಲ. ಮೇಲೆ ಇಟ್ಟಿದ್ದ ಟೊಪ್ಪಿಗೆಯನ್ನು ತೆಗೆದು ಕಪಾಟಿನ ನೆತ್ತಿಗೆ ಹಾಕಿದರು.

"ನೀವು ಹೋಗಿ ಬರ್ರಿ" ಅಂದರು. "ನಾ ಇಲ್ಲೇ ಇರ್ತೀನಿ. ನೀವೊಂದು ವಾರ ಇರಲಿಲ್ಲಂದ್ರ ಈ ಮನಿಗೆ ಯಾರೂ ಬರೂದಿಲ್ಲ. ನಂಗ ಇದೇ ದ್ವೀಪ."

ನನಗೆ ನಗು ಉಕ್ಕಿ ಬಂದಿತ್ತು. ಆಕೆಯ ಮುಖ ನೋಡಿ ನುಂಗಿಕೊಂಡೆ. ಕಾಕಾ ಎಂದಿನಂತೆ ಏನಾದರೂ ಹಾಸ್ಯ ಮಾಡಿ ತೇಲಿಸುತ್ತಾರೆ ಎಂದುಕೊಂಡರೆ, ಅವರು ಸೋಫಾದ ಮೇಲೆ ಕುಸಿದು ಕೂತರು. ಹೆಂಡತಿಗೆ ಹೇಳಬೇಕಾದ್ದನ್ನು ನನ್ನ ಕಡೆ ನೋಡಿ ಹೇಳಿದರು.

"ನಮ್ಮ ಲಗ್ನ ಆದ ಹೊಸದಾಗಿ ನನ್ನ ಕೆಲಸ ರುವೈಸಿನ್ಯಾಗ ಇತ್ತು. ಅಬುಧಾಬಿ ದಾಟಿ ಮರುಭೂಮ್ಯಾಗ ಎಷ್ಟೋ ದೂರ. ವಾರಕ್ಕೊಮ್ಮೆ ದುಬೈ ಮನಿಗೆ ಬರ್ತಿದ್ದೆ. ಈಕಿಗೆ ಆವಾಗ ಹಿಂದಿ ಬರ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟ. ವಾರಗಟ್ಟಲೆ ಒಬ್ಬರ ಜೋಡಿನೂ ಮಾತಿಲ್ಲ. ನಾ ಬಂದು ಬಾಗಲದಾಗ ನಿಂತ್ರ ಬೂಟ್ ತಗೀಲಿಕ್ಕೂ ಬಿಡ್ತಿರಲಿಲ್ಲ. ಅಂಗಿ ತೋಳು ಹಿಡಕೊಂಡು ಒಂದೇ ಸವನೆ ಮಾತಾಡೂಕಿ. ನಂಗ ಭಾಳ ಅಂಜಿಕಿ ಆತು. ಈಕಿಗೆ ಏನರೆ ಆದ್ರ ಅಂತ."

ಕಾಕು ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಒಂದು ಗುರುವಾರ ಮನಿಗೆ ಬರೂ ಮುಂದ ಬಸ್ ಸ್ಟಾಪಿನ್ಯಾಗ ಯಾರೋ ಕನ್ನಡ ಮಾತಾಡಿದ್ರು. ಗುರುತಿಲ್ಲ, ಪರಿಚಯಿಲ್ಲ, ಕೈ ಹಿಡಿದು ಮನಿಗೆ ಕರಕೊಂಡು ಬಂದೆ. ಅವತ್ತ ಈಕಿ ಉಪ್ಪಿಟ್ಟು ಮಾಡಿ ಹಾಕಿ, ಅವನ ಜೋಡಿ ಮಾತಾಡಿ, ನಕ್ಕಳು. ಆ ಮನ್ಯಾಗ ಈಕಿ ನಕ್ಕಿದ್ದು ಅದೇ ಮೊದಲು." ಕಾಕಾ ತಮ್ಮ ಅಂಗೈಯನ್ನು ನೋಡುತ್ತ ಕೂತರು. "ಅಲ್ಲಿಂದ ಮುಂದ ಬರಿಗೈಲೆ ಮನಿಗೆ ಬರ್ಲಿಕ್ಕೆ ನಂಗ ಧೈರ್ಯನೇ ಆಗಲಿಲ್ಲ ನೋಡಪಾ."

ಇಷ್ಟು ವರ್ಷ ನಾವೆಲ್ಲ ಈ ಮನುಷ್ಯನ ಹುಚ್ಚು ಎಂದು ನಕ್ಕದ್ದು ಇದಕ್ಕೇ. ನನ್ನ ಕಣ್ಣು ತುಂಬಿ ಬಂತು.

"ಒಮ್ಮೆಯರೆ ಹೇಳಬೇಕಿಲ್ಲೊ?" ಅಂದರು ಕಾಕು.

"ನೀ ಸಾಕು ಅಂತ ಒಮ್ಮೆಯರೆ ಅನಬೇಕಿತ್ತಿಲ್ಲೊ?"

"ನಿಮಗ ಅದರಾಗ ಖುಷಿ ಅದ ಅನಕೊಂಡಿದ್ದೆ." ಕಾಕು ಬಂದು ಅವರ ಪಕ್ಕದಲ್ಲಿ ಕೂತರು. "ಈಗ ಅಂಜಿಕಿ ಇಲ್ಲ ನಂಗ. ನೀವು ಬರಿಗೈಲೇ ಬರ್ರಿ."

ಕಾಕಾ ಎದ್ದು, ಕಪಾಟಿನ ಮೇಲಿಂದ ಟೊಪ್ಪಿಗೆ ಇಳಿಸಿ ಧೂಳು ಊದಿ ಸೂಟ್‌ಕೇಸಿಗಿಟ್ಟರು. ಹಿಟ್ಟಿನ ಚೀಲಗಳನ್ನೆಲ್ಲ ತೆಗೆದು ನನ್ನ ತೋಳಿಗೆ ಹೇರಿದರು. ಮತ್ತೆ ಬಡಿದುಕೊಳ್ಳತೊಡಗಿದ ಫೋನನ್ನು ನೋಡಿ, ಬಂದ್ ಮಾಡಿ, ಮೇಜಿನ ಮೇಲೆ ಕವುಚಿ ಹಾಕಿ, "ಡಾಕ್ಟರಿಗೆ ನಾ ಹೇಳ್ತೀನಿ. ಈ ಸಲ ನಾವಿಬ್ಬರೇ" ಅಂದರು.

ಅವರಿಬ್ಬರೂ ಮತ್ತೆ ಸೋಫಾದ ಮೇಲೆ ಕೂತು ರುವೈಸಿನ ದಿನಗಳ ಮಾತು ತೆಗೆದರು. ನಾನು ಹಿಟ್ಟಿನ ಚೀಲಗಳನ್ನು ತಬ್ಬಿಕೊಂಡು ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಊಟದ ಹೊತ್ತಾಗಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. "ಬರ್ತೀನ್ರಿ" ಅಂದೆ. ಕಾಕಾ ಕೈ ಮಾಡಿದರು, ಕಾಕು ತಿರುಗಿ ಕೂಡ ನೋಡಲಿಲ್ಲ. ಆ ಮನೆಯಲ್ಲಿ ಯಾರೂ ನನಗೆ "ಉಂಡು ಹೋಗು" ಅನ್ನದೇ ಇದ್ದದ್ದು ಅದೇ ಮೊದಲು. ಅಷ್ಟು ಸಂತೋಷದಿಂದ ನಾನು ಹಸಿದುಕೊಂಡು ಎಂದೂ ಬಸ್ಸು ಹತ್ತಿರಲಿಲ್ಲ.