ಊರ ಅಳಿಯ ಓಡಿದ ಕಥೆ

ನಾನು ಹುಟ್ಟಾ ಓಟಗಾರ ಎಂಬ ಸಂಗತಿ ನನಗೆ ತಿಳಿದದ್ದು ನಲವತ್ತಮೂರನೆಯ ವಯಸ್ಸಿನಲ್ಲಿ. ಹಿಂದೂಪುರದ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿದ್ದ ನನ್ನನ್ನು ನಮ್ಮ ಪಿ.ಟಿ. ಮೇಷ್ಟ್ರು ರಂಗಪ್ಪ ಒಮ್ಮೆ ಮೇಲಿಂದ ಕೆಳಗೆ ನೋಡಿ, ನೀವೂ ನಮ್ಮ ಟೀಮಿಗೆ ಬನ್ನಿ ಎಂದರು. ಒಂಬತ್ತು ಜನ ಸಿಕ್ಕು, ಹತ್ತನೆಯವನು ಎಲ್ಲಿ ಹುಡುಕಿದರೂ ಸಿಗದೆ ಅವರು ಸೋತಿದ್ದರೆಂಬುದು ನನಗೆ ಗೊತ್ತಾದದ್ದು ಆಮೇಲೆ.

ವಿಷಯ ಇಷ್ಟು. ಕಲ್ಯಾಣದುರ್ಗದಲ್ಲಿ ನಾಗರತ್ನ ಎಂಬ ಟೈಲರ್ ಇದ್ದಳು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಕಾಲು ಹೋಗಿತ್ತು. ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲೇ ಮನೆಮನೆಗೆ ಹೋಗಿ ಅಳತೆ ತಂದು ರವಿಕೆ ಹೊಲಿಯುತ್ತಿದ್ದಳು. ಆ ಸೈಕಲ್ಲಿನ ಚೈನು ದಿನಕ್ಕೆ ನಾಲ್ಕು ಸಲ ಕಳಚುತ್ತಿತ್ತು. ಅಲ್ಲಿನ ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ಅವಳಿಗೆ ಮೋಟಾರಿನ ಹೊಸ ಗಾಡಿ ಕೊಡಿಸಲು ಒಪ್ಪಿದ್ದರು. ಆದರೆ ಒಂದು ಷರತ್ತು. ಹತ್ತು ಜನ ಅರ್ಧ ಮ್ಯಾರಥಾನ್, ಅಂದರೆ ಇಪ್ಪತ್ತೊಂದು ಕಿಲೋಮೀಟರನ್ನು ಸ್ವಂತ ಕಾಲಿನಲ್ಲಿ ಓಡಿ ಮುಗಿಸಬೇಕು. ಒಬ್ಬ ಕೈಕೊಟ್ಟರೂ ಗಾಡಿ ಇಲ್ಲ.

ಕಲ್ಯಾಣದುರ್ಗ ನನ್ನ ಹೆಂಡತಿ ಪಂಕಜಳ ತವರು. ಹೆಂಡತಿಯ ಊರಿನಲ್ಲಿ ಕೀರ್ತಿ ಗಳಿಸುವ ಅವಕಾಶವನ್ನು ಯಾವ ಗಂಡ ತಾನೇ ಬಿಡುತ್ತಾನೆ? ಅಂದೇ ಬಿಳಿ ಬೂಟು, ನೀಲಿ ಚಡ್ಡಿ ಖರೀದಿಯಾದವು. ಮಾರನೆಯ ಬೆಳಿಗ್ಗೆಯೇ ಸೋಮಂದೇಪಲ್ಲಿ ರಸ್ತೆಯಲ್ಲಿ ನನ್ನ ಶಾಸ್ತ್ರೋಕ್ತ ತರಬೇತಿ ಶುರುವಾಯಿತು.

ನಮ್ಮ ಕಡೆ ಮನುಷ್ಯ ಸುಮ್ಮಸುಮ್ಮನೆ ಓಡುವುದಿಲ್ಲ. ಬಸ್ಸು ತಪ್ಪಿರಬೇಕು, ಇಲ್ಲವೇ ಎಮ್ಮೆ ತಪ್ಪಿಸಿಕೊಂಡಿರಬೇಕು. ಅರ್ಧ ಕಿಲೋಮೀಟರ್ ಓಡುವಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಪರಿಚಯದವನೊಬ್ಬ ಮೊಪೆಡ್ ನಿಲ್ಲಿಸಿ, 'ಎಕ್ಕಂಡಿ, ಹತ್ತಿ ಸಾರ್, ಬಸ್ ಹಿಡಿಸ್ತೀನಿ' ಎಂದ. ನಾನು ಓಡುತ್ತಿರುವುದು ಆರೋಗ್ಯಕ್ಕೆ ಎಂದೆ. ಪಾಪ, ಅವನ ಮುಖ ಸಣ್ಣದಾಯಿತು. ಅಷ್ಟು ಪ್ರೀತಿಯಿಂದ ಕರೆದವನ ಮನಸ್ಸು ನೋಯಿಸುವುದು ಹೇಗೆ? ಹತ್ತಿದೆ. ಮರುದಿನ ಇನ್ನೊಬ್ಬ ಕರೆದ. ಅವನ ಮನಸ್ಸನ್ನೂ ನೋಯಿಸಲಿಲ್ಲ. ಎರಡು ತಿಂಗಳು ಯಾರ ಮನಸ್ಸನ್ನೂ ನಾನು ನೋಯಿಸಲಿಲ್ಲ!

ಹೋದ ದೂರವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಕಾಲೇಜಿನಲ್ಲಿ ಅದನ್ನು ನೋಡಿದ ರಂಗಪ್ಪ ಮೇಷ್ಟ್ರು ಕೈ ಕುಲುಕಿದರು. ಪಂಕಜ ಮಾತ್ರ ಒಂದು ದಿನ ಬಟ್ಟೆ ಒಗೆಯುತ್ತಾ ಕೇಳಿದಳು: 'ಅಲ್ಲಾ ರೀ, ಬೂಟು ಹೊಸದಂಗೇ ಐತೆ. ಚಡ್ಡಿ ಹಿಂದ್ಗಡೆ ಮಾತ್ರ ಯಾಕೆ ಸವೆದೈತೆ?'

ಅದು ಓಟದ ಶೈಲಿ ಎಂದು ಗಂಭೀರವಾಗಿ ವಿವರಿಸಿದೆ.

ಓಟದ ದಿನ ಬಂತು. ಬೆಳಿಗ್ಗೆ ಕಲ್ಯಾಣದುರ್ಗದಿಂದ ಸೆಟ್ಟೂರು ರಸ್ತೆಯಲ್ಲಿ ಹೋಗಿ, ಅರ್ಧ ದೂರಕ್ಕೆ ತಿರುಗಿ, ಮತ್ತೆ ಊರಿಗೆ ಬರಬೇಕು. ಹೋಗುವಾಗ ಓಡಿದೆ. ಬರುವಾಗ ನಡೆದೆ. ಇನ್ನು ಐದು ಕಿಲೋಮೀಟರ್ ಇದೆ ಎನ್ನುವಾಗ ನಡೆಯುವುದೂ ನಿಂತಿತು. ಜೊತೆಯ ಒಂಬತ್ತು ಜನ ಕಣ್ಣಿಗೇ ಕಾಣುತ್ತಿರಲಿಲ್ಲ. ಆಗ ಎದುರಿಗೆ ನನ್ನ ಮಾವ ವೀರಭದ್ರಪ್ಪನವರ ಮೊಪೆಡ್ ಬಂತು. ಆಗಷ್ಟೇ ಅವರು ಮೊಬೈಲ್ ಕೊಂಡಿದ್ದರು. ಅದಕ್ಕೆ ಬಂದ ಮೊದಲ ಕರೆಯೇ 'ನಿಮ್ಮ ಅಳಿಯ ಚಡ್ಡೀಲಿ ಓಡ್ತಾವ್ನೆ' ಎಂಬುದಂತೆ.

'ಏನಪ್ಪ ಅಳಿಯಂದ್ರೇ, ನಮ್ಮ ಹುಡುಗಿ ಏನಾದ್ರೂ ಅಂದ್ಲಾ?' ಎಂದರು ಮಾವ.

ಏನೂ ಇಲ್ಲ, ಇದು ಮ್ಯಾರಥಾನ್ ಎಂದೆ.

'ಏನಾದ್ರೂ ಆಗ್ಲಿ. ಈ ಊರ ಅಳಿಯ ಹಿಂಗೆ ಬೀದೀಲಿ ಓಡಿದ್ರೆ ನಾಳೆ ನಾನು ಅಂಗಡಿ ಬಾಗ್ಲು ತೆಗೆಯೋದೆಂಗೆ? ಹತ್ತಿ.'

ಅಳಿಯನಾದವನು ಮಾವನ ಮಾತು ಮೀರಬಾರದು. ಒಂದು ಕಿಲೋಮೀಟರ್ ಇರುವಾಗ ಇಳಿದು ಓಡಿದರಾಯಿತು ಎಂದು ಲೆಕ್ಕ ಹಾಕಿ ಹತ್ತಿದೆ. ನಾನು ಎಷ್ಟು ಬೇಡಿಕೊಂಡರೂ ಮಾವ ನಿಲ್ಲಿಸಲಿಲ್ಲ. ಮುಂದೆ ಓಡುತ್ತಿದ್ದ ಒಂಬತ್ತು ಜನರನ್ನೂ ದಾಟಿ, ಹಾರ್ನ್ ಹೊಡೆಯುತ್ತಾ, ಮುಕ್ತಾಯದ ಬ್ಯಾನರಿನ ಕೆಳಗೇ ತಂದು ಇಳಿಸಿದರು. ನಾನೇ ಪ್ರಥಮ!

ತಮಟೆಯವರು ಬಾರಿಸಿಯೇಬಿಟ್ಟರು. ಹಾರ ಹಿಡಿದು ಕೂತಿದ್ದ ನಾಗರತ್ನ ಮೊಪೆಡ್ ನೋಡಿದಳು, ನನ್ನನ್ನು ನೋಡಿದಳು, ಹಾರವನ್ನು ಮಡಿಲಲ್ಲಿ ಇಟ್ಟುಕೊಂಡಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಷರತ್ತು ಅಂದರೆ ಷರತ್ತು ಎಂದು ಯಜಮಾನರು ಎದ್ದುನಿಂತರು. ರಂಗಪ್ಪ ಮೇಷ್ಟ್ರು ಬಂದ ಮೇಲೆ ಅವರ ಕೈಕಾಲು ಹಿಡಿದರು. ಕೊನೆಗೆ ಎಲ್ಲಿ ಹತ್ತಿದೆನೋ ಅಲ್ಲಿಂದ ನಾನು ಮತ್ತೆ ಓಡಿಬರಬೇಕೆಂದು ತೀರ್ಮಾನವಾಯಿತು. ದಾರಿಯಲ್ಲಿ ಯಾರೂ ಹತ್ತಿಸಿಕೊಳ್ಳದಂತೆ ಕಾಯುವವರು ಯಾರು?

'ನಾನೇ ಬತ್ತೀನಿ' ಎಂದಳು ನಾಗರತ್ನ.

ಮಿಲ್ಲಿನ ಲಗೇಜ್ ಆಟೋದಲ್ಲಿ ಅವಳನ್ನೂ, ಅವಳ ಸೈಕಲ್ಲನ್ನೂ, ನನ್ನನ್ನೂ ಹೇರಿಕೊಂಡು ಹೋಗಿ ಇಳಿಸಿದರು. ಓಡಿದೆ. ನನ್ನ ಹಿಂದೆಯೇ ಅವಳ ಸೈಕಲ್ಲು ಕಿರ್ರೆನ್ನುತ್ತಾ ಬಂತು. ನನ್ನನ್ನು ಹತ್ತಿಸಿಕೊಳ್ಳಲು ನಿಂತ ಎರಡು ಬೈಕು, ಒಂದು ಟ್ರ್ಯಾಕ್ಟರ್, ಒಂದು ಎತ್ತಿನ ಗಾಡಿಯನ್ನು ಅವಳೇ ಗದರಿಸಿ ಕಳಿಸಿದಳು. ಎರಡು ಕಿಲೋಮೀಟರ್ ಉಳಿದಾಗ ನನ್ನ ಕಾಲುಗಳು ರಾಜೀನಾಮೆ ಕೊಟ್ಟವು. ಮೈಲಿಗಲ್ಲಿನ ಮೇಲೆ ಕುಸಿದೆ.

ನಾಗರತ್ನ ಪಕ್ಕಕ್ಕೆ ಬಂದು ನಿಲ್ಲಿಸಿದಳು.

'ಗಾಡಿ ಹೋದ್ರೆ ಹೋಗ್ಲಿ ಸಾರ್. ನಿಮ್ಗೇನಾದ್ರೂ ಆದ್ರೆ ಪಂಕಜಕ್ಕನ್ಗೆ ಏನ್ ಹೇಳ್ಲಿ ನಾನು? ಹಿಂದೆ ಹಲಗೆ ಐತೆ, ಕೂತ್ಕಳಿ.'

ಲಿಫ್ಟ್ ಕೊಡಲು ಬಂದವರಿಗೆ ಜನ್ಮದಲ್ಲಿ ಮೊದಲ ಸಲ ಬೇಡ ಎಂದೆ. ಎದ್ದೆ. ಆಮೇಲೆ ನಾನು ಮಾಡಿದ್ದನ್ನು ಓಟ ಎನ್ನಲು ರಂಗಪ್ಪ ಮೇಷ್ಟ್ರಿಗೂ ಧೈರ್ಯವಾಗಲಿಲ್ಲ. ದಾರಿಯಲ್ಲಿ ಮೂರು ಸಲ ಚೈನು ಕಳಚಿದರೂ, ನಾಗರತ್ನ ನನಗಿಂತ ಮೊದಲೇ ಊರು ಮುಟ್ಟಿದಳು. ನಾನು ಮುಟ್ಟಿದಾಗ ತಮಟೆಯವರು ಮನೆಗೆ ಹೋಗಿದ್ದರು, ಬ್ಯಾನರ್ ಮಡಿಸಿಯಾಗಿತ್ತು. ಆದರೂ ಯಜಮಾನರು ತಲೆಯಾಡಿಸಿದರು. ಗಾಡಿ ಬಂತು.

ಅಂದಿನಿಂದ ಎರಡೂ ಊರುಗಳಲ್ಲಿ ಸುದ್ದಿ ಹಬ್ಬಿದೆ: ಈ ಸಾರ್ ಲಿಫ್ಟ್ ತಗೊಳ್ಳುವುದಿಲ್ಲ, ಕೇಳಿದರೆ ಅವರ ವ್ರತಕ್ಕೆ ಭಂಗ. ಮೊನ್ನೆ ಮಾವ ಕೊಟ್ಟ ಕಡಲೆಕಾಯಿ ಮೂಟೆ ಹೊತ್ತು, ಮಟಮಟ ಮಧ್ಯಾಹ್ನ, ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿಗೆ ಏದುಸಿರು ಬಿಡುತ್ತಾ ಹೋಗುತ್ತಿದ್ದೆ. ಹಿಂದಿನಿಂದ ಮೋಟಾರಿನ ಸದ್ದು ಕೇಳಿಸಿತು. ನಾಗರತ್ನ! ನಾಚಿಕೆ ಬಿಟ್ಟು ಕೈ ಅಡ್ಡ ಹಿಡಿದೆ.

ಅವಳು ಗಾಡಿ ನಿಧಾನ ಮಾಡಿ, ಒಂದು ಕೈಯನ್ನು ಎದೆಗಿಟ್ಟು ಭಕ್ತಿಯಿಂದ ತಲೆ ಬಾಗಿಸಿದಳು. 'ಓಡಿ ಸಾರ್, ಇನ್ನೇನು ಹತ್ರಾನೇ ಐತೆ' ಎಂದು ಹೇಳಿ ಮುಂದೆ ಹೋದಳು.