ಸ್ವಂತ ರಚನೆ ಮಾತ್ರ

ಸಮಯಕ್ಕೆ ಸರಿಯಾಗಿ ನಡೆಯುವ ಮನುಷ್ಯನಿಗೆ ಶತ್ರುಗಳು ಕಡಿಮೆ. ಅವನು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತಾನೆಂಬುದು ಊರಿಗೆಲ್ಲ ಗೊತ್ತಿರುವುದರಿಂದ, ಬೇಡದವರು ಮೊದಲೇ ಬೇರೆ ದಾರಿ ಹಿಡಿದಿರುತ್ತಾರೆ. ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನ ಅನುಭವದ ಮಾತಿದು. ನಿವೃತ್ತನಾಗಿ ಹನ್ನೆರಡು ವರ್ಷವಾದರೂ ಐದಕ್ಕೆ ಏಳುತ್ತೇನೆ, ಆರಕ್ಕೆ ನಡೆಯಲು ಹೊರಡುತ್ತೇನೆ, ಏಳೂಕಾಲಕ್ಕೆ ಗಂಜಿಯ ಮುಂದೆ ಕೂರುತ್ತೇನೆ. ನನ್ನ ಹೆಂಡತಿ ಕುಸುಮ ಗೋಡೆ ಗಡಿಯಾರಕ್ಕೆ ಸೆಲ್ ಹಾಕುವುದನ್ನೇ ಬಿಟ್ಟಿದ್ದಾಳೆ. "ಇವರು ಇರುವಾಗ ಅದೊಂದು ಎಂತಕ್ಕೆ" ಎನ್ನುವುದು ಅವಳ ವಾದ. ಇಂಥ ನಾನು ವಿಲಾಯತಿ ರಾಕ್ ಸಂಗೀತದ ಜಗಳಕ್ಕೆ ಪಂಚಾಯಿತಿ ಮಾಡಬೇಕಾಗಿ ಬಂತು. ಅದಕ್ಕೆ ಕಾರಣ ಬೇರೇನೂ ಅಲ್ಲ, ನಾನೇ ಬರೆದ ಒಂದು ನಿಯಮ.

ಬಂದ್ಯೋಡಿನ ನಮ್ಮ ವಾಚನಾಲಯದ ವಾರ್ಷಿಕೋತ್ಸವಕ್ಕೆ ಪ್ರತಿವರ್ಷವೂ ನಾನೇ ಕಾರ್ಯಕ್ರಮ ಸಂಚಾಲಕ. ಬೇರೆ ಯಾರೂ ಒಪ್ಪಿಕೊಳ್ಳುವುದಿಲ್ಲ ಎಂಬುದು ಬೇರೆ ಮಾತು. ಎರಡು ವರ್ಷದ ಹಿಂದೆ ಮೂರು ತಂಡಗಳು ಒಂದೇ ಸಿನಿಮಾ ಹಾಡಿಗೆ ಒಂದೇ ಬಣ್ಣದ ಲಂಗ ತೊಟ್ಟು ಕುಣಿದವು. ಮೂರನೆಯ ತಂಡ ಬರುವಷ್ಟರಲ್ಲಿ ಮುಂದಿನ ಹೆಜ್ಜೆ ಯಾವುದೆಂದು ಸಭಿಕರೇ ಕೂಗಿ ಹೇಳಿಕೊಡುತ್ತಿದ್ದರು. ಮರುದಿನವೇ ನಾನು ನಿಯಮಾವಳಿಗೆ ಏಳನೆಯ ಕಲಮನ್ನು ಸೇರಿಸಿದೆ: "ಸ್ವಂತ ರಚನೆ ಮಾತ್ರ." ಮೂರೇ ಶಬ್ದ. ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲಿ ವೇದಿಕೆಯ ಪಕ್ಕ ಕುಳಿತು ಸಮಯ ತೋರಿಸುವ ಹಸಿರು ದೀಪ, ಕೆಂಪು ದೀಪ ಒತ್ತಿದವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ನಿಯಮ ಉದ್ದವಾದಷ್ಟೂ ಅಪೀಲು ಹೆಚ್ಚು.

ಈ ವರ್ಷ ಅರ್ಜಿ ಹಾಕಿದವರಲ್ಲಿ ನನ್ನ ಮೊಮ್ಮಗಳು ದೀಕ್ಷಾಳೂ ಇದ್ದಳು. ಮಗಳ ಮಗಳು. ನಮ್ಮಲ್ಲಿಯೇ ಇದ್ದು ಕಾಲೇಜಿಗೆ ಹೋಗುತ್ತಾಳೆ. ಅವಳೂ ಮೂವರು ಗೆಳತಿಯರೂ ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದಾರೆ, ಡ್ರಮ್ ಇವಳದು. ಅದರ ಹೆಸರು "ಕರೆಂಟಿಲ್ಲ". ಪ್ಲಗ್ ಚುಚ್ಚದೆ ಒಂದು ಸ್ವರವೂ ಹೊರಡದ ಎರಡು ಗಿಟಾರುಗಳನ್ನು ಇಟ್ಟುಕೊಂಡು ಇಂಥ ಹೆಸರೇಕೆ ಎಂದು ಕೇಳಿದರೆ, "ಹೆದರಿಕೆ ಹೋಗಲಿಕ್ಕೆ ಅಜ್ಜ" ಎಂದಳು. ಅಭ್ಯಾಸವೆಲ್ಲ ಪೆರ್ಲದಲ್ಲಿ, ಗಿಟಾರಿನ ಹುಡುಗಿಯ ಮನೆಯಲ್ಲಿ. ಹಾಗಾಗಿ ಅವರು ಬಾರಿಸುವುದನ್ನು ನಾನು ಕೇಳಿದವನಲ್ಲ. ಆ ಗಿಟಾರಿನ ಹುಡುಗಿ ಮುಂದಿನ ತಿಂಗಳು ನರ್ಸಿಂಗ್ ಕಲಿಯಲು ದೂರ ಹೊರಟಿದ್ದಾಳೆ. ಈ ವೇದಿಕೆ ತಪ್ಪಿದರೆ ಬ್ಯಾಂಡು ಒಮ್ಮೆಯೂ ಜನರೆದುರು ನಿಲ್ಲದೆ ಮುಗಿದುಹೋಗುತ್ತದೆ. ದೀಕ್ಷಾ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ವಾರ ಅವಳು ನನಗಿಂತ ಮೊದಲೇ ಏಳತೊಡಗಿದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಸೂಚನೆ ಬೇಕಿಲ್ಲ.

ತಕರಾರು ತೆಗೆದವನು ವಾಚನಾಲಯದ ಅಧ್ಯಕ್ಷ ಹಮೀದ್. ಈಗ ಜಂಕ್ಷನ್ನಿನಲ್ಲಿ ಮೊಬೈಲ್ ಕವರು, ಚಾರ್ಜರು ಮಾರುವ ಅಂಗಡಿ ಇಟ್ಟಿದ್ದಾನೆ. ಪ್ರಾಯದಲ್ಲಿ ಗಲ್ಫಿನಲ್ಲಿ ಕ್ಯಾಸೆಟ್ ಅಂಗಡಿ ನಡೆಸಿದವನು. ಅಲ್ಲಿನ ಬ್ರಿಟಿಷ್ ಇಂಜಿನಿಯರುಗಳ ಮಕ್ಕಳು ಕೇಳುತ್ತಿದ್ದ ಕ್ಯಾಸೆಟ್ಟುಗಳನ್ನು ತರಿಸಿ, ಮಾರುವ ಮೊದಲು ತಾನೂ ಕೇಳಿ, ಆ ರುಚಿ ಹತ್ತಿಸಿಕೊಂಡವನು. ದೀಕ್ಷಾ ಅರ್ಜಿಯಲ್ಲಿ "ಪ್ರಕಾರ" ಎಂಬಲ್ಲಿ "ಪೋಸ್ಟ್ ಪಂಕ್" ಎಂದು ತುಂಬಿಸಿದ್ದನ್ನು ನೋಡಿ ಕನ್ನಡಕವನ್ನು ಹಣೆಗೇರಿಸಿದ.

"ಇದು ಎಂತ ಮಾಷ್ಟ್ರೆ ಸ್ವಂತ? ಇದನ್ನು ನಾನು ನಲ್ವತ್ತು ವರ್ಷದ ಹಿಂದೆ ಪೆಟ್ಟಿಗೆಗಟ್ಟಲೆ ಮಾರಿದ್ದೇನೆ."

ಪಂಕ ಎಂದರೆ ಕೆಸರು, ಅದರ ನಂತರ ಬಂದದ್ದು ತಾವರೆಯೇ ಇರಬೇಕಲ್ಲ ಎಂದು ನಾನು ನನ್ನ ಅಲ್ಪ ಸಂಸ್ಕೃತವನ್ನು ಖರ್ಚು ಮಾಡಿದೆ. ಹಮೀದ್ ನಗಲಿಲ್ಲ. ಸಂಗೀತದ ವಿಷಯದಲ್ಲಿ ಅವನಿಗೆ ತಮಾಷೆ ಆಗುವುದಿಲ್ಲ.

"ಪಂಕ್ ಅಂದ್ರೆ ಬೊಬ್ಬೆ. ಬೊಬ್ಬೆ ಹೊಡೆದು ಹೊಡೆದು ಸ್ವರ ಬಿದ್ದ ಮೇಲೆ ಆಲೋಚನೆ ಮಾಡ್ಲಿಕ್ಕೆ ಕೂತ್ರು ನೋಡಿ, ಅದು ಪೋಸ್ಟ್ ಪಂಕ್. ಬೇಸ್ ಗಿಟಾರ್ ಮುಂದೆ, ಬಾಕಿಯವರೆಲ್ಲ ಹಿಂದೆ. ಇನ್ನೊಂದು ಗಿಟಾರ್ ತೆಂಗಿನಕಾಯಿ ಹೆರೆದ ಹಾಗೆ. ಹಾಡುವವ ಹಾಡುವುದೇ ಇಲ್ಲ, ರೈಲು ತಡ ಉಂಟು ಅಂತ ಸ್ಟೇಷನ್‌ನಲ್ಲಿ ಹೇಳುವ ಹಾಗೆ ಹೇಳಿಕೊಂಡು ಹೋಗ್ತಾನೆ. ಈಗ ಬರುವ ಬ್ಯಾಂಡುಗಳೆಲ್ಲ ಅದನ್ನೇ ಒರೆಸಿ ತೊಳೆದು ಪುನಃ ಇಡುವುದು. ಬೋರ್ಡು ಮಾತ್ರ ಹೊಸತು."

ಸುದ್ದಿ ಮುಟ್ಟಿದ ಹತ್ತು ನಿಮಿಷದಲ್ಲಿ ದೀಕ್ಷಾ ಅಂಗಡಿಗೇ ಬಂದಳು.

"ಹಮೀದಾಕ, ಆ ಕಾಲದವರು ಬಾಗಿಲು ಹಾಕಿದ ಫ್ಯಾಕ್ಟರಿ ಬಗ್ಗೆ ಹಾಡಿದ್ರು. ನಮ್ಮ ಹಾಡು ಹೈವೇಗೆ ಗೋಡೆ ಕಟ್ಟಿದ ಮೇಲೆ ಬಂದ ಸರ್ವಿಸ್ ರೋಡ್ ಬಗ್ಗೆ. ಎದುರಿನ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರ್ಲಿಕ್ಕೆ ಅರ್ಧ ಗಂಟೆ ಸುತ್ತುವ ಹೆಂಗಸಿನ ಕಥೆ. ಅದು ಹೇಗೆ ಕಾಪಿ ಆಗ್ತದೆ?"

"ಕೊತ್ತಂಬರಿ ನಿನ್ನದೇ, ಒಪ್ಪಿದೆ. ಸಾರು ಯಾರದ್ದು ಮಗಳೇ?"

ಈ ಪ್ರಶ್ನೆಯನ್ನು ನಾನು ಮನೆಗೆ ಒಯ್ದು ಊಟಕ್ಕೆ ಕುಳಿತಾಗ ಕುಸುಮಳ ಮುಂದಿಟ್ಟೆ. ಅವಳು ಸೌಟು ಕೆಳಗಿಡದೆ ಉತ್ತರಿಸಿದಳು. "ನಿನ್ನೆಯ ಬಂಗುಡೆ ಪುಳಿಮುಂಚಿ ಇವತ್ತು ಬಿಸಿ ಮಾಡಿ ಬಡಿಸಿದ್ರೆ ಹಳತು ಅಂತ ನೀವು ಏಳ್ತೀರಾ? ಎರಡು ತುತ್ತು ಹೆಚ್ಚೇ ಉಣ್ಣುವುದು." ನನ್ನ ಕೈಯಲ್ಲಿದ್ದದ್ದೂ ಅದೇ ಹೆಚ್ಚಿನ ತುತ್ತು. ಆದರೆ ಮೀನು ಸಾರಿನ ಆಧಾರದಲ್ಲಿ ಏಳನೆಯ ಕಲಮನ್ನು ತೀರ್ಮಾನಿಸಲು ಬರುವುದಿಲ್ಲ. ಪರೀಕ್ಷೆ ಬೇಕು.

ಪರೀಕ್ಷೆಯನ್ನು ಕಲೋತ್ಸವದ ಕ್ರಮದಲ್ಲೇ ಏರ್ಪಡಿಸಿದೆ. ಹಾಡುವ ದನಿಯಿಲ್ಲದೆ ವಾದ್ಯವಷ್ಟೇ ಇರುವ ಐದು ತುಣುಕು, ಒಂದೊಂದಕ್ಕೆ ಒಂದು ನಿಮಿಷ, ಹೆಸರಿಲ್ಲ, ಕೋಡ್ ಅಕ್ಷರ ಮಾತ್ರ. ಎರಡು ಹಮೀದನ ಹಳೆಯ ಕ್ಯಾಸೆಟ್ಟಿನವು, ಎರಡು ಈಗಿನ ವಿದೇಶೀ ಬ್ಯಾಂಡುಗಳವು, ಒಂದು "ಕರೆಂಟಿಲ್ಲ"ದ್ದು. ಹಳತು ಯಾವುದು, ಹೊಸತು ಯಾವುದು ಎಂದು ಹಮೀದ್ ಹೇಳಬೇಕು. ಹೊಸತನ್ನು ಹೊಸತೆಂದು ಗುರುತಿಸಿದರೆ ಬ್ಯಾಂಡಿಗೆ ವೇದಿಕೆ. ಇಲ್ಲಿ ಒಂದು ತೊಡಕು ನನಗೆ ಹೊಳೆಯಿತು. ಕ್ಯಾಸೆಟ್ಟಿನ ಹಿಂದಿನಿಂದ ಸ್‌ಸ್ ಎಂಬ ಸದ್ದು ಬರುತ್ತದೆ, ಮೊಬೈಲಿನಲ್ಲಿ ಬರುವುದಿಲ್ಲ. ಕಿವಿಯಿದ್ದವನಿಗೆ ಅಷ್ಟೇ ಸಾಕು. ಆದ್ದರಿಂದ ಐದನ್ನೂ ಹಮೀದನ ಹಳೆಯ ಯಂತ್ರದಲ್ಲಿ ಒಂದೇ ಕ್ಯಾಸೆಟ್ಟಿಗೆ ಇಳಿಸಬೇಕೆಂದು ದೀಕ್ಷಾಳಿಗೆ ಆದೇಶಿಸಿದೆ. ಯಾವ ಅಕ್ಷರ ಯಾವುದೆಂಬ ಪಟ್ಟಿಯನ್ನು ಅವಳು ಅಂಟಿಸಿದ ಲಕೋಟೆಯಲ್ಲಿ ಕೊಟ್ಟಳು. ನಾನೂ ನೋಡಲಿಲ್ಲ. ನನ್ನ ಈ ನಿಷ್ಪಕ್ಷಪಾತಕ್ಕೆ ನಾನೇ ಮನಸ್ಸಿನಲ್ಲಿ ಎ ಗ್ರೇಡ್ ಕೊಟ್ಟುಕೊಂಡೆ.

ಭಾನುವಾರ ನಾಲ್ಕು ಗಂಟೆಗೆ ವಾಚನಾಲಯದಲ್ಲಿ ನಾವು ಮೂವರು ಕುಳಿತೆವು. ಎ ಬಂತು. ಹಮೀದ್ ಕಣ್ಣು ಮುಚ್ಚಿ, "ಹಳತು" ಎಂದ. ಬಿ ಹಳತು. ಸಿ ಹಳತು, "ಇದರ ಕವರಿನ ಬಣ್ಣ ಸಹ ನೆನಪುಂಟು." ಡಿ ಬಂದಾಗ ಅವನ ಕಣ್ಣಂಚು ಒದ್ದೆಯಾಗಿತ್ತು. ಹಳತು. ದೀಕ್ಷಾ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. "ಅಜ್ಜ, ಕ್ಯಾಸೆಟ್ಟಿಗೆ ಹಾಕಿದ್ರೆ ಮೊನ್ನೆ ಬಂದದ್ದು ಕೂಡ ಹಳತೇ ಕೇಳ್ತದೆ. ಈಗಿನ ವಿದೇಶದ್ದು ಎರಡೂ ತಪ್ಪಾಗಿದೆ." ನ್ಯಾಯ ಸಮನಾಗಬೇಕೆಂದು ನಾನು ಎಲ್ಲರಿಗೂ ಒಂದೇ ಸಮವಸ್ತ್ರ ತೊಡಿಸಿದ್ದೆ. ಈಗ ಯಾರು ಯಾರೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಮಾಸ್ತರರು ಸಾಮಾನ್ಯವಾಗಿ ಮಾಡುವ ತಪ್ಪು ಇದೇ.

ಉಳಿದದ್ದು ಇ. ಅದು "ಕರೆಂಟಿಲ್ಲ"ದ್ದೇ ಎಂಬುದು ಈಗ ಲೆಕ್ಕ ಹಾಕಿದರೆ ತಿಳಿಯುತ್ತಿತ್ತು, ಆದರೂ ನಿಯಮ ನಿಯಮವೇ. ಗುಂಡಿ ಒತ್ತಿದೆ. ಬೇಸ್ ಗಿಟಾರ್ ಗೊರಕೆ ಹೊಡೆದಂತೆ ಶುರುವಾಯಿತು. ಮೇಲಿನಿಂದ ತೆಂಗಿನಕಾಯಿ ಹೆರೆಯುವ ಸದ್ದು. ಆಮೇಲೆ ಡ್ರಮ್. ನಾನು ಗಡಿಯಾರ ನೋಡುತ್ತಿದ್ದೆ. ಇಪ್ಪತ್ತು ಸೆಕೆಂಡಿಗೆ ಹಮೀದ್ ಕಣ್ಣು ತೆರೆದು ಮೇಜಿನ ಕೆಳಗೆ ಬಗ್ಗಿದ.

"ಮಾಷ್ಟ್ರೆ, ನಿಮ್ಮ ಕಾಲು ಎಂತ ಮಾಡ್ತಾ ಉಂಟು?"

ನೋಡಿದೆ. ಎಡ, ಬಲ, ಎಡ, ಬಲ. ಕುಳಿತಲ್ಲೇ ಕವಾಯತು ನಡೆಯುತ್ತಿತ್ತು. ನಮ್ಮ ಶಾಲೆಯ ಡೋಲಿನ ಚರ್ಮ ಒಂದು ಬದಿಯಲ್ಲಿ ಹರಿದಿತ್ತು. ಹೊಸದು ಬರಲಿಲ್ಲವಾದ್ದರಿಂದ ನಾನು ಪ್ರತಿ ನಾಲ್ಕನೆಯ ಪೆಟ್ಟನ್ನು ಚರ್ಮ ಬಿಟ್ಟು ಮರದ ಅಂಚಿಗೆ ಕೊಡುತ್ತಿದ್ದೆ. ಧಬ್, ಧಬ್, ಧಬ್, ಟಿಕ್. ಆ "ಟಿಕ್" ಈಗ ಕ್ಯಾಸೆಟ್ಟಿನೊಳಗಿಂದ ತಪ್ಪದೆ ಬರುತ್ತಿತ್ತು.

"ಅದು ನಿಮ್ಮದೇ ಅಜ್ಜ," ದೀಕ್ಷಾ ನೆಲ ನೋಡುತ್ತ ಹೇಳಿದಳು. "ಸಣ್ಣವಳಿರುವಾಗ ನಿಮ್ಮ ಸೈಕಲಿನಲ್ಲಿ ಗ್ರೌಂಡಿಗೆ ಬರ್ತಿದ್ದೆನಲ್ಲ. ಬೇರೆ ತಾಳ ಹಾಕಲಿಕ್ಕೆ ಹೋದ್ರೂ ಕೈ ಅಲ್ಲಿಗೇ ಬರ್ತದೆ."

ಹಮೀದ್ ಕುರ್ಚಿಗೆ ಒರಗಿದ. ಅಷ್ಟು ಖುಷಿಯಲ್ಲಿ ಅವನನ್ನು ನಾನು ನೋಡಿರಲಿಲ್ಲ. "ನಾನು ಹೇಳಿದ್ದೇ ಸರಿಯಾಯ್ತಲ್ಲ ಮಾರಾಯ್ರೆ. ಹಳತೇ. ಆದ್ರೆ ಇಂಗ್ಲೆಂಡಿನದ್ದಲ್ಲ. ಅಸಲು ಮಾಲು ಇಲ್ಲೇ ಕುರ್ಚಿಯಲ್ಲಿ ಕೂತುಕೊಂಡುಂಟು. ಈಗ ನಿಮ್ಮ ಕಲಮು ಎಂತ ಹೇಳ್ತದೆ?"

ಕಲಮು ಹೇಳುವುದು ಸ್ಪಷ್ಟವಿತ್ತು. ಬೇರೊಬ್ಬರದ್ದನ್ನು ತಂದರೆ ವೇದಿಕೆಯಿಲ್ಲ. ಬೇರೊಬ್ಬರು ಎಂದರೆ ನಾನು. ಮೊಮ್ಮಗಳೆಂದು ಸಡಿಲ ಬಿಟ್ಟರೆ, ಹನ್ನೊಂದು ನಿಮಿಷದ ನಾಟಕಕ್ಕೆ ಹತ್ತು ನಿಮಿಷಕ್ಕೆ ಪರದೆ ಇಳಿಸಿದ ನನ್ನ ಹೆಸರು ಏನಾಗಬೇಕು? ದೀಕ್ಷಾ ಲಕೋಟೆಯನ್ನು ಬೆರಳಿನಲ್ಲಿ ಮಡಚುತ್ತ ಕುಳಿತಿದ್ದಳು. ನಾನು ಅರ್ಜಿಯನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದೆ. ಏನು ಬರೆಯುವುದೆಂಬ ಗಂಟು ಮಾತ್ರ ಬಿಚ್ಚಲಿಲ್ಲ.

ಬಿಡಿಸಿದವನು ಹಮೀದನೇ. "ಮಾಷ್ಟ್ರೆ, ಒಂದು ಕೇಳ್ತೇನೆ. ನೀವು ಇವಳ ಸ್ವಂತ ಅಜ್ಜ ತಾನೆ?"

"ಅದರಲ್ಲಿ ಎಂತ ಸಂಶಯ?"

"ಸ್ವಂತ ಅಜ್ಜನದ್ದು ಸ್ವಂತ ಅಲ್ಲದೆ ಮತ್ತೆ ಯಾರದ್ದು?"

ಮೂರೇ ಶಬ್ದದ ನಿಯಮ ಬರೆದರೆ ಅಪೀಲು ಬರುವುದಿಲ್ಲವೆಂದು ನಂಬಿದ್ದೆ. ಮೊದಲನೆಯ ಶಬ್ದದಲ್ಲೇ ಸೋತೆ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅಲ್ಲಿ ಹೇಳಲಿಲ್ಲ. ಆ ಪೆಟ್ಟು ನನ್ನದೂ ಅಲ್ಲ. ತರಬೇತಿ ಕಾಲೇಜಿನಲ್ಲಿ ನಮಗೆ ಕಲಿಸಿದ ಮಾಜಿ ಹವಾಲ್ದಾರರದ್ದು. ಅವರಿಗೆ ಯಾರು ಕಲಿಸಿದರೋ. ನನ್ನದೆಂದು ಇರುವುದು ಆ ಒಂದು "ಟಿಕ್" ಮಾತ್ರ, ಅದೂ ಚರ್ಮ ಹರಿದ ಕಾರಣಕ್ಕೆ. ಬಹುಶಃ ಆ ವಿಲಾಯತಿ ಬ್ಯಾಂಡುಗಳದ್ದೂ ಇಷ್ಟೇ ಇರಬಹುದು: ಹಳೆಯ ಡೋಲು, ಹೊಸ ತೂತು. ಅರ್ಜಿಯ ಮೇಲೆ "ಸ್ವಂತ" ಎಂದು ಬರೆದು ಸಹಿ ಹಾಕಿದೆ. ದೀಕ್ಷಾ ಥ್ಯಾಂಕ್ಸ್ ಕೂಡ ಹೇಳದೆ ಪೆರ್ಲಕ್ಕೆ ಫೋನ್ ಮಾಡಲು ಹೊರಗೆ ಓಡಿದಳು.

ವಾರ್ಷಿಕೋತ್ಸವದಲ್ಲಿ ಕರೆಂಟು ಹೋಗಲಿಲ್ಲ. ನಾಲ್ವರೂ ಚೆನ್ನಾಗಿಯೇ ಬಾರಿಸಿದರು ಎಂದು ಹಮೀದ್ ಹೇಳಿದ. ನನಗೆ ತಿಳಿದದ್ದು ಇಷ್ಟು, ಲಯ ಎಲ್ಲೂ ತಪ್ಪಲಿಲ್ಲ. ಕೊತ್ತಂಬರಿ ಸೊಪ್ಪಿನ ಸಾಲಿಗೆ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ಕುಸುಮ ಎರಡು ಸಲ. ಕಾರ್ಯಕ್ರಮ ಮುಗಿದು ಕುರ್ಚಿ ಮಡಚುತ್ತಿದ್ದಾಗ ಉಮೇಶ ಬಂದ. ಈಗ ರಿಕ್ಷಾ ಓಡಿಸುವವನು, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ, ಪ್ರತಿ ಶುಕ್ರವಾರ ಡ್ರಿಲ್ ಪೀರಿಯಡ್ಡಿಗೆ ಸರಿಯಾಗಿ ಹೊಟ್ಟೆನೋವು ತಂದುಕೊಂಡು ಮನೆಗೆ ಹೋಗುತ್ತಿದ್ದವನು.

"ಹೊಸ ನಮೂನೆ ಸಂಗೀತ ಅಲ್ವಾ ಮಾಷ್ಟ್ರೆ," ಎಂದ. "ಎಲ್ಲ ಒಳ್ಳೆದುಂಟು. ಆದ್ರೆ ಆ ಡ್ರಮ್ ಶುರುವಾದದ್ದೇ ನಂಗೆ ಎಂತಕ್ಕೋ ಹೊಟ್ಟೆಯಲ್ಲಿ ನೋವು ಬಂತು."

ಹೊಸತಲ್ಲವೇ, ಮೊದಲ ಸಲ ಕೇಳುವಾಗ ಕೆಲವರಿಗೆ ಹಾಗಾಗುತ್ತದೆ ಎಂದು ಹೇಳಿ, ನಾನು ಮುಂದಿನ ಕುರ್ಚಿ ಮಡಚಿದೆ.